ಗಾಳಿಕಣಿವೆಗೆ ಅಡ್ಡ ನಿಂತ ಮುಖ

ಪ್ಯೋ ಮಾಲ್ಸುಕ್ ಹುಟ್ಟಿದ್ದು ಐದು ಹೆಣ್ಣುಮಕ್ಕಳ ಬೆನ್ನಿಗೆ ಆರನೆಯವಳಾಗಿ. ಮಾಲ್ಸುಕ್ ಎಂದರೆ ಕಡೆಯವಳು, ಇನ್ನು ಹೆಣ್ಣು ಬೇಡ ಎಂದು ಅಪ್ಪ ದೇವರಿಗೆ ಕೊಟ್ಟ ನೋಟೀಸು, ಸಾಕಮ್ಮ ಎಂದುಕೊಳ್ಳಿ. ಹೆಸರಿಗೆ ತಕ್ಕ ಹಾಗೆ ಅವಳನ್ನು ಜೀವಮಾನದಲ್ಲಿ ಯಾರೂ ತಿರುಗಿ ನೋಡಿದವರಲ್ಲ. ಎಪ್ಪತ್ತು ದಾಟಿದ ಮೇಲೆ, ಹೆದ್ದಾರಿಯಲ್ಲಿ ಹೋಗುವವರೆಲ್ಲ ಕತ್ತು ಎತ್ತಿ ಅವಳನ್ನೇ ನೋಡುವಂತಾಯಿತು. ಯಾರೂ ನೋಡದಿದ್ದ ಕಾಲವೇ ಚೆನ್ನಾಗಿತ್ತು.

ಅವಳು ಸೊಸೆಯಾಗಿ ಬಂದ ಊರು ಬರಾಂಗೋಲ್. ಗಾಳಿಕಣಿವೆ ಎಂದೇ ಅದರ ಅರ್ಥ. ಎರಡು ಗುಡ್ಡಗಳ ನಡುವೆ ಒಂದು ಕಿಂಡಿ, ಕಿಂಡಿಯಾಚೆ ಹಾಕ್‌ಬೊಂಗ್ ಶಿಖರ. ಚಳಿ ಹತ್ತಿರವಾದಂತೆ ಶಿಖರದಿಂದ ಇಳಿಯುವ ಒಣಗಾಳಿ ಆ ಕಿಂಡಿಯಲ್ಲಿ ನುಗ್ಗಿ ಊರಿನ ಮೇಲೆ ಹಾಯುತ್ತದೆ. ಊರು ಬದುಕಿದ್ದೇ ಆ ಗಾಳಿಯಿಂದ. ಪೇಟೆಯವರು ಪರ್ಸಿಮನ್ ಎನ್ನುವ ಗಾಮ್ ಹಣ್ಣನ್ನು ಮೊದಲ ಹಿಮಮಣಿ ಬೀಳುವ ಹೊತ್ತಿಗೆ ಕಿತ್ತು, ಸಿಪ್ಪೆ ಹೆರೆದು, ಮಾಲೆ ಕಟ್ಟಿ, ಗೋಡೆಯಿಲ್ಲದ ಎತ್ತರದ ಚಪ್ಪರದಲ್ಲಿ ತೂಗುಹಾಕಿದರೆ ಮನುಷ್ಯರ ಕೆಲಸ ಮುಗಿಯಿತು. ಬಾಯಿಗಿಟ್ಟರೆ ನಾಲಿಗೆ ಮರಗಟ್ಟಿಸುವ ಒಗರು ಹಣ್ಣು, ತಿಂಗಳು ಒಂದೂವರೆ ತಿಂಗಳು ಗಾಳಿ ಕುಡಿದು, ಮೈಮೇಲೆ ಸಕ್ಕರೆಯ ಬಿಳಿಪುಡಿ ಹೊತ್ತುಕೊಂಡು, ಜೇನಿನಂತಾಗಿ ಇಳಿಯುತ್ತದೆ.

ಮಾಲ್ಸುಕ್‌ಗೆ ಇದನ್ನು ಕಲಿಸಿದವಳು ಅತ್ತೆ. ಆ ಅತ್ತೆ ಹೊಗಳಿದ್ದನ್ನು ಯಾರೂ ಕೇಳಿಲ್ಲ, ಬೈದದ್ದನ್ನು ಕೇಳದವರಿಲ್ಲ. ಕಿಂಡಿಯ ಬಾಯಿಗೆ ಇದ್ದ ಮನೆಯ ಹೊಲದಲ್ಲಿ ಅವಳು ಸೋಯಾ ಬಿಟ್ಟು ಬೇರೇನನ್ನೂ ಬಿತ್ತಲು ಬಿಡಲಿಲ್ಲ. ಹೊಸ ಸೊಸೆ ಜೋಳ ಹಾಕೋಣವೇ ಎಂದು ಕೇಳಿದ್ದಕ್ಕೆ, "ಗಾಳಿ ಬರೋ ದಾರೀಲಿ ನಿನ್ನ ಮಂಡಿಗಿಂತ ಎತ್ತರದ್ದು ಏನಾದ್ರೂ ನಿಂತ್ರೆ ನಿನ್ನ ತೌರಿಗೇ ಕಳಿಸ್ತೀನಿ" ಎಂದಿದ್ದಳು. ಒಮ್ಮೆ ಮಗ ಅಲ್ಲಿ ಹುಲ್ಲಿನ ಬಣವೆ ಒಟ್ಟಿದಾಗ, ಅದನ್ನು ತೆಗೆಯುವ ತನಕ ಅವನಿಗೆ ಅನ್ನ ಹಾಕಲಿಲ್ಲ. ಅತ್ತೆ ಹೋದಳು, ಗಂಡನೂ ಹೋದ. ಹೊಲದಲ್ಲಿ ಸೋಯಾ ಉಳಿಯಿತು, ಚಪ್ಪರದಲ್ಲಿ ಮಾಲ್ಸುಕ್ ಉಳಿದಳು. ಅವಳ ಹಣ್ಣಿಗೆ ಊರಿನಲ್ಲಿ ಸಾಟಿಯಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು, ಗೊತ್ತಿಲ್ಲದವಳ ಹಾಗೆ ಇರುವುದು ಮಾತ್ರ ಗೊತ್ತಿರಲಿಲ್ಲ.

ಈಗ ಊರಿನ ಮುಖಂಡನ ವಿಷಯ. ಬಾಂಗ್ ಚುನ್‌ಷಿಕ್ ಕೆಟ್ಟವನಲ್ಲ, ಮೈಕ್ ಸಿಕ್ಕಿದವನು. ಬೆಳಗ್ಗೆ ಕೋಳಿಗಿಂತ ಮೊದಲು ಊರಮನೆಯ ಧ್ವನಿವರ್ಧಕದಲ್ಲಿ ಕೆಮ್ಮಿ, "ಆ, ಆ, ನಿಮ್ಮ ಮುಖಂಡ ಮಾತಾಡ್ತಿದೀನಿ" ಎಂದು ಶುರುಮಾಡಿದರೆ ಕಸದ ಚೀಲದಿಂದ ಹಿಡಿದು ಲೋಕದ ಉದ್ಧಾರದವರೆಗೆ ಹೇಳಿಯೇ ನಿಲ್ಲಿಸುವವನು. ಆ ಜುಲೈಯಲ್ಲಿ ಅವನಿಗೆ ಲೋಕದ ಉದ್ಧಾರವೇ ಸಿಕ್ಕಿತು. ಸಿಯೋಲ್‌ನಲ್ಲಿ ಒಣಹಣ್ಣನ್ನು ಚಂದದ ಪೆಟ್ಟಿಗೆಗೆ ತುಂಬಿ ಮಾರುವ ಒಂದು ಕಂಪನಿ, ಬರಾಂಗೋಲ್ ಹೆಸರಿನಲ್ಲಿ ದೊಡ್ಡದೊಂದು ಫಲಕ ನಿಲ್ಲಿಸುವುದಾಗಿ ಹೇಳಿತು. ಹೆದ್ದಾರಿಯಿಂದ ಕಣ್ಣಿಗೆ ಬೀಳುವ ಜಾಗ ಒಂದೇ. ಅದು ಮಾಲ್ಸುಕ್‌ಳ ಸೋಯಾ ಹೊಲ.

"ಅತ್ತಿಗೆ, ಗಾಳಿ ಬಂದಾಗ ತೂರಿಕೋಬೇಕು" ಎಂದ ಬಾಂಗ್, ಜಗಲಿಯ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತ. "ಸಿಯೋಲ್‌ನೋರು ತಾವಾಗೇ ಬಂದಿದಾರೆ. ನಿಮ್ಮ ಹೊಲ, ಅದ್ರ ಮೇಲೆ ನಿಮ್ಮದೇ ಫೋಟೋ."

"ನನ್ನದಾ? ಈ ಮೂತೀನ ಯಾರು ನೋಡ್ತಾರೋ?"

"ಇಡೀ ದೇಶ ನೋಡತ್ತೆ."

ಮಾಲ್ಸುಕ್ ಬಾಯಲ್ಲಿ ಛೀಮಾರಿ ಹಾಕಿದಳು. ಮರುದಿನವೇ ಬಸ್ಸು ಹತ್ತಿ ಪೇಟೆಗೆ ಹೋಗಿ ಕೂದಲಿಗೆ ಗುಂಗುರು ಹಾಕಿಸಿಕೊಂಡು ಬಂದಳು.

ಕಂಪನಿಯ ಪರವಾಗಿ ಬಂದವಳು ಮೋ ಸೆಜಿನ್ ಎಂಬ ಹುಡುಗಿ. ಪರದೇಶದಲ್ಲಿ ದೊಡ್ಡ ಓದು ಓದಿ ಬಂದವಳಂತೆ. ಓದಿದ್ದು ಜಾಹೀರಾತನ್ನು ತರಾಟೆಗೆ ತೆಗೆದುಕೊಳ್ಳುವ ಪಂಡಿತರ ಪುಸ್ತಕಗಳನ್ನಂತೆ. ಊರಮನೆಯಲ್ಲಿ ಕಲ್ಲಂಗಡಿ ಹೋಳು ತಿನ್ನುತ್ತ ಕೂತಿದ್ದ ಹೆಂಗಸರ ಮುಂದೆ ಅವಳು ಪರದೆ ಹಾಕಿ ಉಪನ್ಯಾಸವನ್ನೇ ಕೊಟ್ಟಳು.

"ಈ ಕಾಲದಲ್ಲಿ ನಿಸರ್ಗ ಅನ್ನೋದು ಹೊರಗಡೆ ಇಲ್ಲ ಅಮ್ಮ. ಜನ ಗುಡ್ಡ ನೋಡಲ್ಲ, ಗುಡ್ಡದ ಚಿತ್ರ ನೋಡ್ತಾರೆ. ಹಣ್ಣು ತಿನ್ನಲ್ಲ, ಹಣ್ಣಿನ ಕತೆ ತಿಂತಾರೆ. ನಾವು ಮಾರ್ಬೇಕಾಗಿರೋದು ಗಾಳೀನ."

"ಹಂಗಾದ್ರೆ ಹಣ್ಣು ಯಾಕ್ ಕಳಿಸ್ಬೇಕು, ಬರೀ ಕತೆ ಪ್ಯಾಕ್ ಮಾಡಿ ಕಳ್ಸಿ, ನಮ್ಗೂ ಕೈನೋವು ತಪ್ಪತ್ತೆ" ಎಂದಳು ಪಕ್ಕದ ಮನೆಯ ಯಾಂಗ್ಚೋನ್‌ನವಳು. ಅವಳನ್ನು ಊರು ಕರೆಯುವುದೇ ಅವಳ ತೌರೂರಿನ ಹೆಸರಿನಿಂದ. ಹೆಂಗಸರು ಕಲ್ಲಂಗಡಿ ಬೀಜ ಉಗಿದು ನಕ್ಕರು. ಮೋ ನಗಲಿಲ್ಲ, ಆ ಮಾತನ್ನು ಫೋನಿನಲ್ಲಿ ಬರೆದುಕೊಂಡಳು.

ಅವಳು ಓದಿದ ಪಂಡಿತರು ಪಾಪ, ಊರಿಗೆ ಬೆಂಕಿ ಬೀಳುತ್ತದೆ ಎಂದು ಬಾಯಿ ಬಡಿದುಕೊಂಡು ಬರೆದಿರಬೇಕು. ಅದನ್ನೇ ಇವರು ಬೆಂಕಿ ಹಚ್ಚುವ ಕೈಪಿಡಿ ಮಾಡಿಕೊಂಡಿದ್ದರು. ಇಂಥ ಓದಿಗೆ ನನ್ನದೊಂದು ದೊಡ್ಡ ನಮಸ್ಕಾರ.

ಫೋಟೋ ತೆಗೆಯುವ ದಿನ ಮಾಲ್ಸುಕ್‌ಗೆ ಅವಳು ಎಂದೂ ಹಾಕದ ನಾರುಬಟ್ಟೆಯ ರವಿಕೆ ತೊಡಿಸಿದರು. ಗುಂಗುರು ಕೂದಲು 'ನೈಸರ್ಗಿಕವಾಗಿ ಇಲ್ಲ' ಎಂದು ಅದರ ಮೇಲೆ ಬಿಳಿ ವಸ್ತ್ರ ಕಟ್ಟಿದರು. ಜುಲೈಯಲ್ಲಿ ಗಾಮ್ ಎಲ್ಲಿಂದ ಬರಬೇಕು? ಮೇಣದ ಹಣ್ಣು ಕೈಗೆ ಕೊಟ್ಟರು. "ಮೂಸಿ ನೋಡಿ ಖುಷಿಯಾದಂತೆ ನಗಿ ಅಜ್ಜಿ" ಎಂದರು. ಅವಳು ಮೇಣವನ್ನು ಮೂಸಿ ನಕ್ಕಳು, ಚೆನ್ನಾಗಿಯೇ ನಕ್ಕಳು. ಒಂದು ಕಾಗದಕ್ಕೆ, ಸಹಿಯ ಬದಲು, ತನ್ನ ಹೆಸರಿನ ಮೊಹರು ಒತ್ತಿದಳು. ಅದರಲ್ಲಿ ಏನಿದೆ ಎಂದು ಬಾಂಗ್‌ನನ್ನು ಕೇಳಿದಳು. ಬಾಂಗ್ ತಾನೂ ಓದಿರಲಿಲ್ಲವಾದ್ದರಿಂದ ಧೈರ್ಯವಾಗಿ, "ಏನೂ ಇಲ್ಲ" ಎಂದ.

ಒಂದು ವಾರದಲ್ಲಿ ಸೋಯಾ ಹೊಲದಲ್ಲಿ ಕಬ್ಬಿಣದ ಚೌಕಟ್ಟು ಎದ್ದಿತು. ಮೂರಂತಸ್ತಿನ ಮನೆಯಷ್ಟು ಎತ್ತರ, ಕಿಂಡಿಯ ಅಗಲಕ್ಕೆ ಸರಿಯಾಗಿ. ಫ್ಲೆಕ್ಸ್ ಕಟ್ಟುವವರು ಹಗ್ಗದಲ್ಲಿ ನೇತಾಡುತ್ತ, ತಮ್ಮ ವಾಡಿಕೆಯಂತೆ ಅಲ್ಲಲ್ಲಿ ಅರ್ಧಚಂದ್ರದ ಹಾಗೆ ಕೊಯ್ದು ಗಾಳಿಗೆ ದಾರಿ ಬಿಡಲು ಹೋದರು. ಮೋ ಕೆಳಗಿನಿಂದ ಚೀರಿದಳು. "ಬೇಡ, ಬೇಡ! ಹಲ್ಲಿನ ಮೇಲೇ ತೂತು ಬೀಳತ್ತೆ!" ತೂತು ಬೇಡವಾದರೆ ಕಬ್ಬಿಣ ಇನ್ನೂ ದಪ್ಪ ಬೇಕು ಎಂದರು ಅವರು. ದಪ್ಪ ಕಬ್ಬಿಣವೇ ಬಂತು. ಫಲಕ ಗೋಡೆಯಾಯಿತು.

ಚಿತ್ರದಲ್ಲಿ ಹಾಕ್‌ಬೊಂಗ್ ಶಿಖರವಿತ್ತು. ಇರುವುದು ಒಂದೇ ಶಿಖರ. ಸಾಲದೆಂದು ಪಕ್ಕದಲ್ಲಿ ಇನ್ನೊಂದನ್ನು ಅಂಟಿಸಿ ಎರಡಕ್ಕೂ ಹಿಮ ಸುರಿದಿದ್ದರು. ಮುಂದೆ ಮಾಲ್ಸುಕ್‌ಳ ಮುಖ. ಅವಳಿಗಿದ್ದ ಒಂದು ಬಂಗಾರದ ಹಲ್ಲು ಮಾಯವಾಗಿ ಅಲ್ಲಿ ಎಳೆಯ ಹಲ್ಲು ಮೂಡಿತ್ತು. ಕೆಳಗೆ ಆಳೆತ್ತರದ ಅಕ್ಷರದಲ್ಲಿ: ಗಾಳಿ ಮಾಡಿದ ಹಣ್ಣು, ಬರಾಂಗೋಲ್. ಫಲಕದ ಹಿಂದೆ ನಿಜವಾದ ಹಾಕ್‌ಬೊಂಗ್ ಮುಚ್ಚಿಹೋಗಿತ್ತು. ಜನ ಕಾರು ನಿಲ್ಲಿಸಿ ಫಲಕದ ಶಿಖರ ನೋಡಿ, ಆಹಾ ಎಂದು, ಮುಂದೆ ಹೋದರು.

ನಮ್ಮವರ ದಡ್ಡತನ ನೋಡಿ. ಮೂರು ತಲೆಮಾರು ಗಾಳಿಯಲ್ಲೇ ಬದುಕಿದ ಊರಿನಲ್ಲಿ ಒಬ್ಬನಿಗೂ ಗಾಳಿಯ ನೆನಪಾಗಲಿಲ್ಲ. ಜುಲೈಯಲ್ಲಿ ಕಿಂಡಿಯಿಂದ ಗಾಳಿ ಬರುವುದಿಲ್ಲ. ಮಳೆ, ಧಗೆ, ಸೊಳ್ಳೆ. ಬೇಸಿಗೆಯಲ್ಲಿ ಕೂತು ಚಳಿಗಾಲವನ್ನು ಮಾರಿದರು. ಅತ್ತೆಯ ಮಾತು ಮಾಲ್ಸುಕ್‌ಗೆ ಮರೆತಿರಲಿಲ್ಲ ಎಂದು ನನಗೆ ಗೊತ್ತು. ಆದರೆ ಮಂಡಿಗಿಂತ ಎತ್ತರದ್ದು ತನ್ನದೇ ಮುಖವಾದಾಗ ಯಾರಿಗೆ ತಾನೆ ನೆನಪಾಗುತ್ತದೆ?

ಅಕ್ಟೋಬರ್ ಕಳೆಯುವಾಗ ಹಣ್ಣು ಕಿತ್ತರು. ಮರದ ತುದಿಯಲ್ಲಿ ಕಾಚಿ ಎನ್ನುವ ಕಪ್ಪುಬಿಳುಪು ಹಕ್ಕಿಗಳ ಪಾಲೆಂದು ನಾಲ್ಕಾರು ಹಣ್ಣು ಬಿಟ್ಟರು. ಹೆಂಗಸರು ಮಾಲ್ಸುಕ್‌ಳ ಅಂಗಳದಲ್ಲಿ ಕೂತು ಸಿಪ್ಪೆ ಹೆರೆದರು, ಮಾಲೆ ಕಟ್ಟಿದರು, ಏರಿಸಿದರು. ಚಪ್ಪರ ಕೆಂಪಗೆ ತುಂಬಿತು. ಗಾಳಿ ಬರಲಿಲ್ಲ.

ಮಾಲ್ಸುಕ್ ಒಂದು ದಿನ ನೋಡಿದಳು, ಎರಡು ದಿನ ನೋಡಿದಳು. ಆಕಾಶ ನೋಡಿದರೆ ಶಿಖರದ ಕಡೆ ಮೋಡ ಹರಿದು ಓಡುತ್ತಿದೆ. ಅಂಗಳದಲ್ಲಿ ಒಂದು ಒಣ ಎಲೆಯೂ ಮಿಸುಕುತ್ತಿಲ್ಲ. ಬೆಳಗೆದ್ದು ಯಾರ ಮುಖ ನೋಡಿದೆನೋ ಎಂದು ಬೈದುಕೊಳ್ಳುವ ಹಾಗೂ ಇಲ್ಲ. ಜಗಲಿಗೆ ಬಂದರೆ ಎದುರಿಗೆ ತನ್ನದೇ ಮುಖ, ಮನೆಯಷ್ಟು ದೊಡ್ಡದು, ಮೇಣದ ಹಣ್ಣು ಮೂಸಿ ಹಲ್ಲು ಬಿಡುತ್ತಿತ್ತು. ಚಪ್ಪರದ ಕೆಳಸಾಲಿನಲ್ಲಿ ಮೊದಲ ಹಣ್ಣು ನೀರೊಡೆದು ಪಚ್ಚೆಂದು ನೆಲಕ್ಕೆ ಬಿತ್ತು. ಮಾಲ್ಸುಕ್ ಏಣಿ ಹತ್ತಿ ನೋಡಿದಳು: ತೊಟ್ಟಿನ ಸುತ್ತ ಹಸಿರು ಬೂಷ್ಟು. ಅಲ್ಲಿ, ಏಣಿಯ ಮೇಲೆ, ಅವಳಿಗೆ ಎಲ್ಲವೂ ತಿಳಿಯಿತು. ನಾಚಿಕೆಯೂ ಆಯಿತು.

"ಚುನ್‌ಷಿಕ್, ಅದನ್ನ ಬಿಚ್ಸು" ಎಂದಳು ಊರಮನೆಗೆ ಹೋಗಿ. ಮುಖಂಡ ಎನ್ನುವ ಮರ್ಯಾದೆಯನ್ನು ಹೊಸಿಲಲ್ಲೇ ಬಿಟ್ಟಿದ್ದಳು.

"ಯಾವುದನ್ನ ಅತ್ತಿಗೆ?"

"ನನ್ನ ಮೂತೀನ. ಹಣ್ಣು ಒಣಗೋ ತಂಕ ಬಿಚ್ಸು. ಆಮೇಲೆ ಬೇಕಾದ್ರೆ ನಿನ್ನದನ್ನೇ ಕಟ್ಸು."

"ಅಯ್ಯೋ, ಈಗ್ಲೇ ಅಲ್ವಾ ಸೀಸನ್ನು! ಹೋದ ವಾರ ಎಷ್ಟು ಕಾರ್ ಬಂತು ಗೊತ್ತಾ? ಹಣ್ಣು ತಾನೆ, ಕಂಪನಿ ಮಿಷನ್ನಲ್ಲಿ ಹಾಕಿ ಒಣಗಿಸೋಣ. ಅವ್ರದ್ದೆಲ್ಲ ಕರೆಂಟಲ್ಲೇ ಒಣಗೋದು."

"ಮತ್ತೆ ಗಾಳಿ ಮಾಡಿದ ಹಣ್ಣು ಅಂತ ಬರ್ದಿದಾರೆ?"

"ಮಿಷನ್ನಲ್ಲಿ ಫ್ಯಾನ್ ಇರತ್ತಲ್ಲ ಅತ್ತಿಗೆ" ಎಂದ ಬಾಂಗ್. ಅವನು ತಮಾಷೆ ಮಾಡುತ್ತಿರಲಿಲ್ಲ.

ಸುದ್ದಿ ತಿಳಿದು ಮೋ ಬಂದಳು. ಅವಳ ಜೊತೆ ಒಂದು ಲಾರಿ ಬಂತು. ಅದರಲ್ಲಿ ಕಂಪನಿಯ ಹೆಸರು ಬರೆದ ದೊಡ್ಡ ದೊಡ್ಡ ಫ್ಯಾನುಗಳು, ಮತ್ತು ಚೀಲಗಟ್ಟಲೆ ಪ್ಲಾಸ್ಟಿಕ್ ಗಾಮ್ ಹಣ್ಣು. ಬೂಷ್ಟು ಹಿಡಿದದ್ದನ್ನು ಇಳಿಸಿ ಇವನ್ನು ಏರಿಸಿದರೆ ಫೋಟೋಗೆ ಬರುವವರಿಗೆ ಬೇಸರವಾಗದು ಎಂದು ಅವಳ ಲೆಕ್ಕ. ಊರಮನೆಯ ಮುಂದೆ ಒಂದು ಸಾಲು ಕಟ್ಟಿಯೂ ಕಟ್ಟಿದರು. ಕಾಚಿ ಹಕ್ಕಿಯೊಂದು ಬಂದು ಕೂತು, ಕುಕ್ಕಿ, ತಲೆ ಕೊಡವಿ, ಹಾರಿಹೋಯಿತು. ಅದರ ಕೆಳಗೇ ನಿಂತು ಇಬ್ಬರು ಹುಡುಗಿಯರು ಬಾಯಿ ತೆರೆದು ಪ್ಲಾಸ್ಟಿಕ್ಕನ್ನು ಕಚ್ಚುವಂತೆ ಫೋಟೋ ತೆಗೆಸಿಕೊಂಡರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುತ್ತಾರೆ. ಇಲ್ಲಿ ಮಲ್ಲಿಗೆಯೂ ಪ್ಲಾಸ್ಟಿಕ್ಕು.

ಫ್ಯಾನುಗಳು ಎರಡು ದಿನ ಗರಗರ ತಿರುಗಿದವು. ಅಂಗಳದ ಹಸಿ ಗಾಳಿಯನ್ನೇ ಎತ್ತಿ ಮತ್ತೆ ಹಣ್ಣಿನ ಮೇಲೆ ಉಗುಳಿದವು. ಬೂಷ್ಟು ಮೇಲಿನ ಸಾಲಿಗೂ ಹತ್ತಿತು.

ಮೂರನೆಯ ದಿನ ಬೆಳಗ್ಗೆ ಮಾಲ್ಸುಕ್ ಫ್ಯಾನುಗಳ ತಂತಿ ಕಿತ್ತಳು. ಹಣ್ಣು ಕೀಳುವ ಉದ್ದನೆಯ ಬಿದಿರಿನ ಗಳುವಿನ ತುದಿಗೆ ಕುಡುಗೋಲು ಬಿಗಿದು, ಹೆಗಲ ಮೇಲಿಟ್ಟುಕೊಂಡು, ಹಾಡುಹಗಲಿನಲ್ಲಿ ಊರ ಮಧ್ಯದ ದಾರಿಯಲ್ಲೇ ನಡೆದು ಹೊಲಕ್ಕೆ ಹೋದಳು. ಕಳ್ಳತನದಲ್ಲಿ ಮಾಡುವ ಕೆಲಸವಲ್ಲ ಅದು. ಗಳು ಎತ್ತಿ ಮೊದಲು ಗಲ್ಲಕ್ಕೆ ಹಾಕಿದಳು. ಟರ್ರೆಂದು ಫ್ಲೆಕ್ಸ್ ಹರಿಯಿತು. ಆಮೇಲೆ ಮೇಣದ ಹಣ್ಣು. ಆಮೇಲೆ ಆ ಎಳೆಯ ಹಲ್ಲುಗಳು, ಒಂದೂ ಬಿಡದೆ.

ಧ್ವನಿವರ್ಧಕ ಕೆಮ್ಮಿತು. "ಆ, ಆ, ನಿಮ್ಮ ಮುಖಂಡ ಮಾತಾಡ್ತಿದೀನಿ. ಪ್ಯೋ ಮಾಲ್ಸುಕ್ ಅತ್ತಿಗೆಯವರು ಸೋಯಾ ಹೊಲದಲ್ಲಿ ತಮ್ಮ ಬಾಯಿ ಹರೀತಿದಾರೆ. ಹತ್ತಿರ ಇರೋರು ದಯವಿಟ್ಟು ತಡೀಬೇಕು. ಮೂಗಿಗೆ ಬಂದಿದಾರೆ. ಬೇಗ!"

ಹತ್ತಿರವಿದ್ದವಳು ಯಾಂಗ್ಚೋನ್‌ನವಳು. "ಏಣಿ ತರ್ಲೇನೇ ಅಕ್ಕ? ಕಣ್ಣಿಗೆ ಎಟುಕ್ತಿಲ್ಲ ನಿಂಗೆ" ಎಂದಳು ಅವಳು.

ಬಾಂಗ್ ಏದುಸಿರು ಬಿಡುತ್ತ ಓಡಿ ಬಂದಾಗ ಮಾಲ್ಸುಕ್ ಏಣಿಯ ಮೇಲಿದ್ದಳು. "ಮಾತು ಮನೆ ಕೆಡಿಸ್ತು, ತೂತು ಒಲೆ ಕೆಡಿಸ್ತು ಅಂತಾರೆ. ಊರ ಮಾನ ಹೋಯ್ತು ಅತ್ತಿಗೆ! ಅದು ನಿಮ್ಮದೇ ಮುಖ ಕಣ್ರೀ!"

"ನನ್ನದಾದ್ರೆ ನನ್ನಿಷ್ಟ, ಸುಮ್ನಿರು."

"ನಿಮ್ಮದಲ್ಲ, ಬರ್ಕೊಟ್ಟಿದೀರ!"

"ಹಂಗಾದ್ರೆ ಯಾರದ್ದೋ ಮೂತಿ, ನಂಗೇನಂತೆ!" ಎಂದು ಅವಳು ಬಲಗಣ್ಣನ್ನೂ ಇಳಿಸಿದಳು.

ಅಷ್ಟು ಹೊತ್ತಿಗೆ ಗಾಳಿ ಬಂತು. ಹರಿದ ಬಾಯಿಯಿಂದ ಒಂದೇ ಸಲಕ್ಕೆ ನುಗ್ಗಿ, ಬಾಂಗ್‌ನ ಟೋಪಿ ಹಾರಿಸಿ, ಹೊಲ ದಾಟಿ ಚಪ್ಪರಕ್ಕೆ ಹೊಕ್ಕಿತು. ಮಾಲೆಗಳು ಒಂದಕ್ಕೊಂದು ತಾಗಿ ತೂಗಾಡಿದವು. ಮಾಲ್ಸುಕ್ ಏಣಿಯ ಮೇಲೇ ನಿಂತು ಅದನ್ನು ನೋಡಿದಳು. ಕಣ್ಣಲ್ಲಿ ನೀರು ಬಂತು. ಗಾಳಿಗೆ ಬಂದದ್ದು ಎಂದು ಆಮೇಲೆ ಹೇಳಿದಳು, ನಾನು ನಂಬಲಿಲ್ಲ.

ಅರ್ಧ ಹಣ್ಣು ಹೋಗಿತ್ತು. ಉಳಿದರ್ಧ ಮೈ ಬಿಗಿಹಿಡಿಯತೊಡಗಿತು. ಕಂಪನಿ ಪೊಲೀಸರನ್ನು ಕಳಿಸುತ್ತದೆ ಎಂದು ಬಾಂಗ್ ಅನ್ನ ಬಿಟ್ಟು ಕೂತ. ಕಂಪನಿಯನ್ನು ಅವನು ಅರ್ಥಮಾಡಿಕೊಂಡಿರಲಿಲ್ಲ. ಹೆದ್ದಾರಿಯಲ್ಲಿ ಹೋದವರು ಹರಕುಬಾಯಿಯ ಅಜ್ಜಿಯನ್ನು ಫೋಟೋ ಹಿಡಿದು ಊರೂರಿಗೆ ಹಂಚಿದ್ದರು. ಗಾಳಿಗಾಗಿ ತನ್ನ ಮುಖವನ್ನೇ ಸೀಳಿದ ತಾಯಿ ಎಂದು ಯಾರೋ ಬರೆದರು, ಇನ್ನಾರೋ ಅತ್ತರು. ಮೋ ಬಂದಳು. ಅವಳ ಮುಖದಲ್ಲಿ ಕೋಪದ ಸುಳಿವೇ ಇರಲಿಲ್ಲ, ಹಬ್ಬದ ಕಳೆಯಿತ್ತು.

"ಅಜ್ಜಿ, ನೀವು ಮಾಡಿದ್ದು ಎಂಥಾ ದೊಡ್ಡ ಪ್ರತಿಭಟನೆ ಅಂತ ನಿಮ್ಗೇ ಗೊತ್ತಿಲ್ಲ. ಕಂಪನಿ ಅದನ್ನ ಗೌರವಿಸತ್ತೆ. ಹರಿದ ಮುಖವನ್ನೇ ಇಟ್ಕೋತೀವಿ."

"ತೂತು ಮುಚ್ಚಲ್ವಾ?"

"ಮುಚ್ಚೋದಾ! ತೂತೇ ಈಗ ನಮ್ಮ ಕತೆ."

ಮಾಲ್ಸುಕ್‌ಗೆ ಆ ಹುಡುಗಿಯ ಮೇಲೆ ಮೊದಲ ಸಲ ಪ್ರೀತಿ ಬಂತು. ಒಳಗೆ ಕರೆದು ಬಿಸಿಬಿಸಿ ಅನ್ನ, ಸೋಯಾ ಸಾರು, ಹೊಸ ಕಿಮ್ಚಿ ಹಾಕಿ ಊಟ ಮಾಡಿಸಿದಳು. ಅತ್ತೆ ಇದ್ದಿದ್ದರೆ ಸೌಟಿನಲ್ಲಿ ಬಡಿಯುತ್ತಿದ್ದಳು.

ಹಗ್ಗದವರು ಮತ್ತೆ ಬಂದರು. ಹಳೆಯದನ್ನು ಇಳಿಸಿ ಹೊಸ ಫ್ಲೆಕ್ಸ್ ಕಟ್ಟಿದರು. ಮಾಲ್ಸುಕ್ ಚಪ್ಪರದ ಕೆಳಗೆ ನಿಂತು ನೋಡಿದಳು. ಹೌದು, ಗಲ್ಲದಲ್ಲಿ ಸೀಳು, ಬಾಯಿಯಲ್ಲಿ ದೊಡ್ಡ ತೂತು, ಬಲಗಣ್ಣಿನಿಂದ ಕೆಳಗೆ ಹರಕು. ಹರಕಿನಾಚೆ ನೀಲಿ ಆಕಾಶ. ಆದರೆ ಮಾಲೆಗಳು ತೂಗಾಟ ನಿಲ್ಲಿಸಿದ್ದವು. ಅವಳಿಗೆ ಅರ್ಥವಾಗಲಿಲ್ಲ. ಹೊಲಕ್ಕೆ ಹೋಗಿ ಏಣಿ ಹತ್ತಿ ಗಲ್ಲದ ಸೀಳಿನೊಳಗೆ ಕೈ ತೂರಿಸಿದಳು. ಕೈ ತೂರಲಿಲ್ಲ. ನುಣ್ಣಗಿತ್ತು.

"ಹುಡುಗೀ, ತೂತು ಎಲ್ಲೇ?"

"ಕಾಣ್ತಿದೆಯಲ್ಲ ಅಜ್ಜಿ" ಎಂದಳು ಮೋ ಕೆಳಗಿನಿಂದ. "ಪ್ರಿಂಟ್ ಎಷ್ಟು ಚೆನ್ನಾಗಿ ಬಂದಿದೆ ನೋಡಿ, ಮುಟ್ಟಿದ್ರೂ ಗೊತ್ತಾಗಲ್ಲ. ಬಟ್ಟೇನೂ ಈ ಸಲ ಎರಡು ಪದರ, ಕುಡುಗೋಲಿಗೂ ಜಗ್ಗಲ್ಲ."

ಬಯ್ಯುವುದಕ್ಕೆ ಮಾಲ್ಸುಕ್ ಬಾಯಿ ತೆರೆದಳು. ಅವಳ ಬೈಗುಳಕ್ಕೆ ಊರಿನಲ್ಲಿ ಹೆಸರಿತ್ತು. ಆದರೆ ಬೈದರೆ ಅದನ್ನೂ ಬರೆದುಕೊಂಡು ಮುದ್ರಿಸುತ್ತಾರೆ ಎಂದು ಹೊಳೆದು ಬಾಯಿ ಮುಚ್ಚಿದಳು. ಏಣಿ ಇಳಿದಳು. ಕಾಲಿಗೆ ಸೋಯಾ ಕೂಳೆ ಚುಚ್ಚುತ್ತಿತ್ತು. ಎಲ್ಲಿಗೆ ಹೋಗುತ್ತಿದ್ದೇನೆ ಎಂದು ಯೋಚಿಸದೆ, ಆ ಮುಖ ಕಣ್ಣಿಗೆ ಬೀಳದ ಕಡೆ ಹೋದರೆ ಸಾಕೆಂದು, ಫಲಕದ ಪಕ್ಕ ಹಾದು ಹಿಂದಕ್ಕೆ ಹೋದಳು.

ಅಲ್ಲಿ ಹಾಕ್‌ಬೊಂಗ್ ಇತ್ತು, ಒಂದೇ ಒಂದು, ಹಿಮವಿಲ್ಲದೆ, ಬೋಳಾಗಿ. ಗಾಳಿ ಅವಳ ಕೆನ್ನೆಗೆ ಹೊಡೆದದ್ದು ಹೇಗಿತ್ತೆಂದರೆ ತಲೆವಸ್ತ್ರ ಹಿಡಿದುಕೊಳ್ಳಬೇಕಾಯಿತು. ಊರಿಗೆ ಬರಬೇಕಾದ ಗಾಳಿಯೆಲ್ಲ ಇಲ್ಲಿ ಬಂದು ಫಲಕದ ಬೆನ್ನಿಗೆ ಡಿಕ್ಕಿ ಹೊಡೆದು ಸುಳಿ ತಿರುಗುತ್ತಿತ್ತು. ಆ ಬೆನ್ನಿನ ತುಂಬ ಕೆಳಗಿನಿಂದ ಮೇಲಿನವರೆಗೆ ಅಡ್ಡಡ್ಡ ಕಬ್ಬಿಣದ ಸರಳುಗಳು. ಮಾಲ್ಸುಕ್ ಒಂದು ಸರಳು ಹಿಡಿದು ಜಗ್ಗಿ ನೋಡಿದಳು. ದಪ್ಪ ಕಬ್ಬಿಣ. ಚಪ್ಪರದ ಗಳುವಿಗಿಂತ ಗಟ್ಟಿ.

ಸಂಜೆಯೊಳಗೆ ಯಾಂಗ್ಚೋನ್‌ನವಳೂ ಅವಳೂ ಉಳಿದ ಮಾಲೆಗಳನ್ನೆಲ್ಲ ಕೈಗಾಡಿಯಲ್ಲಿ ತಂದು ಸರಳುಗಳಿಗೆ ಕಟ್ಟಿದರು. ಮೇಲೆ ಮಳೆಗೆಂದು ಪ್ಲಾಸ್ಟಿಕ್ ಹಾಳೆ ಬಿಗಿದರು. ಬಾಂಗ್ ಬಂದು ತಲೆಯ ಮೇಲೆ ಕೈಹೊತ್ತು ನಿಂತ. "ಅತ್ತಿಗೆ, ಇದು ಕಂಪನಿ ಆಸ್ತಿ."

"ಕಂಪನಿಗೆ ಹೇಳು. ಅವ್ರು ಬರೆಸ್ಕೊಂಡಿದ್ದು ಮುಂದಿನ ಕಡೆ. ಹಿಂದೆ ಏನಿದೆ ಅಂತ ಅವ್ರು ಯಾವತ್ತಾದ್ರೂ ಬಂದು ನೋಡಿದಾರಾ?"

ಬಾಂಗ್ ಯೋಚಿಸಿದ. ಅವನೂ ಬಂದು ನೋಡಿರಲಿಲ್ಲ. ಹೆದ್ದಾರಿಯಿಂದ ಕಾಣದ ಮೇಲೆ ಅದರಿಂದ ಯಾರಿಗೂ ನಷ್ಟವಿಲ್ಲ ಎಂದು ಸಮಾಧಾನ ಮಾಡಿಕೊಂಡು ಮನೆಗೆ ಹೋದ.

ಹಣ್ಣು ಒಣಗಿತು. ಡಿಸೆಂಬರಿನಲ್ಲಿ ಅದರ ಮೈಮೇಲೆ ಬಿಳಿಪುಡಿ ಬಂತು, ಅತ್ತೆಯ ಕಾಲದಲ್ಲೂ ಇಷ್ಟು ಒತ್ತಾಗಿ ಬಂದದ್ದಿಲ್ಲ. ಮುಂದೆ ಮಾತ್ರ ಜಾತ್ರೆಯೇ ಜಾತ್ರೆ. ಕಾರುಗಳು ಬಂದವು, ಬಸ್ಸುಗಳು ಬಂದವು. ಜನ ಮುದ್ರಿಸಿದ ತೂತಿಗೆ ಬಾಯಿ ಒಡ್ಡಿ ಗಾಳಿ ಕುಡಿಯುವಂತೆ ನಟಿಸಿದರು, ಕೂದಲು ಹಾರುವಂತೆ ತಾವೇ ಕೈಯಿಂದ ಎತ್ತಿ ಹಿಡಿದರು. ಮಗ್ಗುಲಲ್ಲಿ ನಾಲ್ಕು ಹೆಜ್ಜೆ ಇಟ್ಟು ಹಿಂದೆ ಬಂದಿದ್ದರೆ ನಿಜವಾದ ಗಾಳಿ, ನಿಜವಾದ ಹಣ್ಣು, ನಿಜವಾದ ಗುಡ್ಡ. ಒಬ್ಬನೂ ಬರಲಿಲ್ಲ. ಬೂಟು ಕೊಳೆಯಾಗುತ್ತದೆ.

ಹಣ್ಣು ಇಳಿಸುವ ದಿನ ಮಾಲ್ಸುಕ್ ಖಾಲಿ ಬುಟ್ಟಿ ಹೊತ್ತು ಫಲಕದ ಮುಂದಿನಿಂದ ಹೋಗುತ್ತಿದ್ದಳು. ಅಲ್ಲೊಂದು ಹೊಸ ಜೋಡಿ ಫೋಟೋ ತೆಗೆಯುವುದರಲ್ಲಿ ಮುಳುಗಿತ್ತು. ಹುಡುಗ ಫೋನು ಕೆಳಗಿಳಿಸಿ, ಬಹಳ ಮರ್ಯಾದೆಯಿಂದಲೇ ಕೂಗಿದ. "ಅಜ್ಜೀ, ಒಂಚೂರು ಪಕ್ಕಕ್ಕೆ ಹೋಗ್ತೀರಾ? ಅಜ್ಜಿ ಮುಖಕ್ಕೆ ಅಡ್ಡ ಬರ್ತಿದೀರ."

ಮಾಲ್ಸುಕ್ ತಲೆಯೆತ್ತಿ ಮೇಲಿನವಳನ್ನು ನೋಡಿದಳು, ಹುಡುಗನನ್ನು ನೋಡಿದಳು. ಬಂಗಾರದ ಹಲ್ಲು ಕಾಣುವಂತೆ ಒಮ್ಮೆ ನಕ್ಕಳು. ಆಮೇಲೆ ಪಕ್ಕಕ್ಕೆ ಸರಿದಳು. ಅವಳಿಗೆ ಹಿಂದೆ ಕೆಲಸವಿತ್ತು.